ಅವ್ವನಿಗೆ ಹೇಳಿದ್ದಾಯ್ತು, ಈಗ ಹೊರಡುವುದು ಹೇಗೆ?

ರಾಗಿಹೊಲ

ಎಲ್ಲರಿಗೂ ನಮಸ್ಕಾರ. ನಾನು ಕನಕಪುರ ಕಡೆಯ ಹಳ್ಳಿಯವಳು. ಧರ್ಮಭಗಿನಿ. ನರ್ಸಿಂಗ್ ಓದಿದ್ದೇನೆ. ಕಳೆದ ವರ್ಷ ನಿತ್ಯವ್ರತ, ಅಂದರೆ ಜೀವನಪೂರ್ತಿ ಸಿಸ್ಟರ್ ಆಗಿರುತ್ತೇನೆಂಬ ಪ್ರತಿಜ್ಞೆ, ಆಯಿತು. ಜನವರಿಯಲ್ಲಿ ತಾಂಜಾನಿಯಾಕ್ಕೆ ಹೋಗಬೇಕು. ಅಲ್ಲಿ ಒಂದು ಹಳ್ಳಿಯಲ್ಲಿ ನಮ್ಮ ಸಿಸ್ಟರ್‌ಗಳು ನಡೆಸುವ ಚಿಕ್ಕ ಆಸ್ಪತ್ರೆ ಇದೆ. ಮೂರು ವರ್ಷ ಆಗುವವರೆಗೆ ಊರಿಗೆ ಬರುವ ಹಾಗಿಲ್ಲ.

ಹೋಗಬೇಕೆಂದು ಕೇಳಿಕೊಂಡವಳು ನಾನೇ. ಯಾರೂ ಬಲವಂತ ಮಾಡಿಲ್ಲ. ಕರೆ ಬಂದಿದೆ ಎಂಬುದರಲ್ಲಿ ನನಗೆ ಅನುಮಾನವೂ ಇಲ್ಲ. ಆದರೂ ಎರಡು ವಾರದಿಂದ ರಾತ್ರಿ ನಿದ್ದೆ ಬರುತ್ತಿಲ್ಲ.

ಅಪ್ಪ ತೀರಿಕೊಂಡು ಐದು ವರ್ಷ ಆಯಿತು. ಮನೆಯಲ್ಲಿ ಅವ್ವ, ತಮ್ಮ, ಅವನ ಹೆಂಡತಿ ಇದ್ದಾರೆ. ಅವ್ವನಿಗೆ 63. ಸಕ್ಕರೆ ಕಾಯಿಲೆ ಇದೆ, ಒಂದು ಕಣ್ಣು ಮಂಜು. ಹೇಳಲೇಬೇಕು ಎಂದು ಹೋದ ವಾರ ಊರಿಗೆ ಹೋಗಿದ್ದೆ. ರೇಷ್ಮೆಹುಳ ನಾಲ್ಕನೇ ಜ್ವರದಿಂದ (ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತೇವೆ) ಎದ್ದು ಮೂರು ದಿನ ಆಗಿತ್ತು. ರೇಷ್ಮೆ ಮಾಡುವವರಿಗೆ ಗೊತ್ತು, ಆಗ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅವ್ವ ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದಳು. ನಾನೂ ಒಂದು ಕಡೆಯಿಂದ ಹರಡುತ್ತಾ ಹರಡುತ್ತಾ ಹೇಳಿಬಿಟ್ಟೆ. ಅವಳ ಕೈ ನಿಲ್ಲಲಿಲ್ಲ. ಆ ಸಾಲು ಪೂರ್ತಿ ಮುಗಿಸಿದಳು, ಕೆಳಗಿನ ಸಾಲನ್ನೂ ಮುಗಿಸಿದಳು. ಹೊರಗೆ ಹೋಗಿ ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಂಡು, "ಅಲ್ಲಿ ಊಟಕ್ಕೆ ಏನ್ ಕೊಡ್ತಾರೆ?" ಎಂದಳು. ಅಷ್ಟೇ.

ರಾತ್ರಿ ಎದ್ದು ನೋಡಿದರೆ ಹುಳದ ಮನೆಯ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬೆಳಗ್ಗೆ ಪಕ್ಕದ ಮನೆಯವರ ಹತ್ತಿರ "ನಮ್ಮ ಮಗಳು ಆಫ್ರಿಕಾಕ್ಕೆ ಹೋಗ್ತಾಳೆ, ದೇವರ ಕೆಲಸಕ್ಕೆ" ಎಂದು ಹೆಮ್ಮೆಯಿಂದಲೇ ಹೇಳಿಕೊಂಡಳು. ಆ ರಾತ್ರಿ, ಆ ಬೆಳಗ್ಗೆ, ಎರಡೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಕಡೆ ಇದು ಹೊಸದೇನಲ್ಲ. ಹಾರೋಬೆಲೆಯಂಥ ಊರುಗಳಿಂದ ಎಷ್ಟೋ ಫಾದರ್‌ಗಳು, ಸಿಸ್ಟರ್‌ಗಳು ಹೊರಗೆ ಹೋಗಿದ್ದಾರೆ. ಅದಕ್ಕೇ ಏನೋ, ಯಾರ ಹತ್ತಿರ ಹೇಳಿಕೊಂಡರೂ ಒಂದೇ ಮಾತು: "ದೇವರಿಗೆ ಒಪ್ಪಿಸಿಬಿಡು." ಒಪ್ಪಿಸುತ್ತೇನೆ. ದಿನಾ ಒಪ್ಪಿಸುತ್ತೇನೆ. ಒಪ್ಪಿಸಿ ಎದ್ದ ಮೇಲೂ ಅದು ಎದೆಯಲ್ಲೇ ಇರುತ್ತದೆ. ನಿಮ್ಮಲ್ಲಿ ಹೀಗೆ ಬಿಟ್ಟು ಹೋದವರು ಇದ್ದೀರಿ, ಬಿಟ್ಟು ಕಳಿಸಿದವರೂ ಇದ್ದೀರಿ. ಹೇಗೆ ತಡೆದುಕೊಂಡಿರಿ ಎಂದು ಹೇಳುತ್ತೀರಾ?

ಎರಡು ಗಡಿಯಾರ

ತಂಗಿ, ನಾನು ತಾಂಜಾನಿಯಾದಲ್ಲೇ ಇದ್ದೇನೆ. ಬಂದು 19 ವರ್ಷ ಆಯಿತು. ನಿಜ ಹೇಳಿಬಿಡುತ್ತೇನೆ. ನನಗೆ ಕಷ್ಟವಾದದ್ದು ಮೊದಲ ತಿಂಗಳಲ್ಲ, ನಾಲ್ಕನೇ ತಿಂಗಳು. ಮೊದಲು ಎಲ್ಲ ಹೊಸದು. ಭಾಷೆ ಕಲಿಯಬೇಕು, ರೋಗಿಗಳ ಹೆಸರು ಹೇಳಲು ಬರಬೇಕು, ಅದರಲ್ಲೇ ದಿನ ಹೋಗುತ್ತದೆ. ನಾಲ್ಕನೇ ತಿಂಗಳಿಗೆ ಮನೆಯವರು ನಾವಿಲ್ಲದೆ ಇರುವುದನ್ನು ಕಲಿತಿರುತ್ತಾರೆ. ಫೋನ್ ಮಾಡಿದರೆ "ಮತ್ತೇನ್ ಸಮಾಚಾರ" ಎನ್ನುತ್ತಾರೆ. ಆಗ ಚುರ್ ಎನ್ನುತ್ತದೆ.

ನಾನು ಮೊದಲು ದಿನಾ ಫೋನ್ ಮಾಡುತ್ತಿದ್ದೆ. ಅದರಿಂದ ನೋವು ಜಾಸ್ತಿಯೇ ಆಯಿತು. ಇಲ್ಲೂ ಇರಲಿಲ್ಲ, ಅಲ್ಲೂ ಇರಲಿಲ್ಲ. ಆಮೇಲೆ ಭಾನುವಾರ ಎಂದು ಗೊತ್ತು ಮಾಡಿಕೊಂಡೆವು. ಇಲ್ಲಿಗೂ ನಮ್ಮೂರಿಗೂ ಎರಡೂವರೆ ಗಂಟೆ ವ್ಯತ್ಯಾಸ. ಅಮ್ಮ ಜಪಸರ ಮುಗಿಸುವ ಏಳೂವರೆಗೆ ಇಲ್ಲಿ ಸಂಜೆ ಐದು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಹೊತ್ತು ಹುಟ್ಟಿದಾಗಿನಿಂದ, ಹಾಗಾಗಿ ನಮ್ಮ ಪಕ್ಕದವರಿಗೆ ಅದು ಹನ್ನೊಂದು ಗಂಟೆ. ಈ ಮೂರೂ ಲೆಕ್ಕ ತಲೆಯಲ್ಲಿ ಕೂತ ದಿನ ನನಗೆ ಸ್ವಲ್ಪ ನೆಲೆ ಸಿಕ್ಕಿದ ಹಾಗಾಯಿತು. ವಾರವಿಡೀ ಅಮ್ಮನಿಗೆ ಹೇಳಬೇಕಾದ್ದನ್ನು ಕೂಡಿಟ್ಟುಕೊಳ್ಳುತ್ತಿದ್ದೆ. ಅವಳೂ ಅಷ್ಟೇ, ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದಳು.

ನೀನು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ನಾನು ಇಲ್ಲಿದ್ದಾಗಲೇ ಅಪ್ಪ ಹೋದರು. ಮಾರ್ಚ್ ತಿಂಗಳು, ಮಳೆ ಶುರುವಾಗಿತ್ತು. ಮಣ್ಣಿನ ರಸ್ತೆಯಲ್ಲಿ ಲಾರಿ ಹೂತುಹೋಗಿ ಎರಡು ದಿನ ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ. ಮನೆಯವರು ಕಾಯುತ್ತೇವೆ ಎಂದರು. ಬೇಡ ಎಂದೆ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ಇಗರ್ಜಿಯಿಂದ ಪೆಟ್ಟಿಗೆ ಎತ್ತಿದ್ದು ಕಂಡಿತು, ಸ್ಮಶಾನದ ಗೇಟಿನ ಹತ್ತಿರ ನೆಟ್‌ವರ್ಕ್ ಹೋಯಿತು. ಮತ್ತೆ ಬರಲಿಲ್ಲ.

ಕೋಣೆಯಿಂದ ಹೊರಗೆ ಬಂದರೆ ಅಂಗಳದಲ್ಲಿ ಊರಿನ ಹೆಂಗಸರು ಕೂತಿದ್ದರು. ಯಾರು ಹೇಳಿದರೋ ಗೊತ್ತಿಲ್ಲ. ಒಬ್ಬೊಬ್ಬರೇ ಎದ್ದು ಬಂದು ಕೈ ಹಿಡಿದು "ಪೋಲೆ, ಪೋಲೆ ಸಾನಾ" ಎಂದರು. ಇಲ್ಲಿ ಎಡವಿ ಬಿದ್ದವರಿಗೂ ಪೋಲೆ, ಸತ್ತ ಮನೆಯವರಿಗೂ ಪೋಲೆ. ನಿನ್ನ ನೋವು ನನಗೂ ಮುಟ್ಟಿತು ಎಂದ ಹಾಗೆ. ಯಾರೂ "ದೇವರ ಚಿತ್ತ" ಎನ್ನಲಿಲ್ಲ. ಮುಸುಕಿನ ಜೋಳದ ಹಿಟ್ಟು, ಇದ್ದಿಲು ತಂದಿದ್ದರು. ಒಲೆ ಹಚ್ಚಿದರು, ಅಡುಗೆ ಮಾಡಿ ನನ್ನನ್ನು ಕೂರಿಸಿ ಉಣಿಸಿದರು. ಮೂರು ದಿನ ಅಂಗಳ ಖಾಲಿಯಾಗಲು ಬಿಡಲಿಲ್ಲ. ಇದು ನನ್ನ ಊರು ಎಂದು ನನಗೆ ಅನ್ನಿಸಿದ್ದು ಆವತ್ತು. ಅಷ್ಟು ಹೊತ್ತಿಗೆ ಬಂದು ಎಂಟು ವರ್ಷ ಆಗಿತ್ತು.

ಹೊರಡುವ ಮೊದಲೇ ಮಾಡಬೇಕಾದ ಎರಡು ಕೆಲಸ ಹೇಳುತ್ತೇನೆ. ಅವ್ವನಿಗೆ ಹುಷಾರು ತಪ್ಪಿದರೆ ಯಾವ ಹಂತದಲ್ಲಿ ನಿನ್ನನ್ನು ಕಳಿಸುತ್ತಾರೆ, ಟಿಕೆಟ್ಟಿನ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು ನಿಮ್ಮ ಪ್ರೊವಿನ್ಶಿಯಲ್ (ಪ್ರಾಂತ್ಯದ ಮುಖ್ಯಸ್ಥೆ) ಹತ್ತಿರ ಈಗಲೇ ಕೇಳಿ ತಿಳಿದುಕೋ. ಸಂಕೋಚ ಬೇಡ. ಕೆಟ್ಟ ಸುದ್ದಿ ಬಂದ ರಾತ್ರಿ ಇದನ್ನೆಲ್ಲ ಕೇಳಲು ಬಾಯಿ ಬರುವುದಿಲ್ಲ. ಇನ್ನೊಂದು, ಹಳದಿ ಜ್ವರದ ಲಸಿಕೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು, ಆ ಹಳದಿ ಕಾರ್ಡನ್ನು ಯಾವಾಗಲೂ ಪಾಸ್‌ಪೋರ್ಟ್ ಜತೆಗೇ ಇಟ್ಟುಕೋ. ಊರಿಗೆ ಓಡಬೇಕಾದ ದಿನ ಅದನ್ನು ಹುಡುಕುತ್ತಾ ಕೂರಬಾರದು.

ಹಳೇಪತ್ರ

ನಾನು ಮಂಗಳೂರಿನವನು. ನಿವೃತ್ತ ಮೇಷ್ಟ್ರು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಇಲ್ಲಿಗೆ ಪ್ರೊಟೆಸ್ಟೆಂಟ್ ಮಿಷನರಿಗಳನ್ನು ಕಳಿಸುತ್ತಿದ್ದ ಬಾಸೆಲ್ ಮಿಷನ್ನಿನ ಚರಿತ್ರೆ ಓದುವ ಹವ್ಯಾಸ ಇದೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಆ ಜನರೇ ಕಣ್ಮುಂದೆ ಬಂದರು.

ಹೆಬಿಕ್, ಲೇನರ್, ಗ್ರೈನರ್ ಈ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಂದರೆ ಆಗ ಆಫ್ರಿಕಾವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಹಡಗಿನಲ್ಲಿ ಬರಬೇಕಿತ್ತು. ಹೆಬಿಕ್ ಮದುವೆಯಾಗಲಿಲ್ಲ. ತಿರುಗಿ ಹೋದದ್ದು 1859ರಲ್ಲಿ. ನಡುವೆ 25 ವರ್ಷ. ಮನೆಯಿಂದ ಬಂದ ಕಾಗದ ಬಿಚ್ಚುವ ಹೊತ್ತಿಗೆ ಅದರಲ್ಲಿ ಕಾಯಿಲೆ ಎಂದು ಬರೆದವರು ಗುಣವಾಗಿರಬಹುದು, ಮಣ್ಣಾಗಿರಲೂಬಹುದು.

ಆ ಮಿಷನ್ನಿನ ಕಟ್ಟಳೆಗಳು ಇನ್ನೂ ಬಿಗಿ. ಹುಡುಗರು ಮದುವೆಯಾಗದೆ ಬರಬೇಕು. ಕೆಲ ಕಾಲ ಕೆಲಸ ಮಾಡಿದ ಮೇಲೆ ಬಾಸೆಲಿನ ಸಮಿತಿಗೆ ಬರೆದು ಮದುವೆಗೆ ಅಪ್ಪಣೆ ಕೇಳಬೇಕು. ಅಲ್ಲಿಂದ ಹುಡುಗಿ ಹಡಗು ಹತ್ತಿ ಬರುತ್ತಿದ್ದಳು. ಎಷ್ಟೋ ಜನಕ್ಕೆ ಗಂಡನ ಮುಖದ ಪರಿಚಯವೂ ಸರಿಯಾಗಿ ಇರಲಿಲ್ಲ. ಅವಳೂ ಒಂದು ಮನೆ ಬಿಟ್ಟು ಬಂದವಳೇ ಅಲ್ವಾ? ಆ ಹೆಣ್ಣುಮಕ್ಕಳ ಬಗ್ಗೆ ನಾವು ಮಾತಾಡುವುದೇ ಕಡಿಮೆ.

ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ಮಕ್ಕಳ ವಿಷಯ. ಇಲ್ಲಿ ಹುಟ್ಟಿದ ಮಕ್ಕಳನ್ನು ಆರೇಳು ವರ್ಷಕ್ಕೆಲ್ಲ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಅವರಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆಯನ್ನೇ ತೆರೆದರು. ಆಮೇಲೆ ಅಪ್ಪ ಅಮ್ಮ ನೋಡುವಾಗ ಮಕ್ಕಳು ದೊಡ್ಡವರಾಗಿರುತ್ತಿದ್ದರು. ಮಲಯಾಳಂ ನಿಘಂಟು ಬರೆದ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಸಣ್ಣವಳಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟರು. ತಿರುಗಿ ಹೆತ್ತವರ ಹತ್ತಿರ ಬಂದದ್ದು 1857ರಲ್ಲಿ.

ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. ಅದನ್ನು ತೆರೆದಾಗ ಅವರು 1860ರಲ್ಲಿ ಮದುವೆಯಾದ ಪೌಲೀನ ನಾಲ್ಕೇ ವರ್ಷಕ್ಕೆ ತೀರಿಹೋದರು ಎಂಬುದು ನಮಗೆ ಯಾರಿಗೂ ನೆನಪಾಗುವುದಿಲ್ಲ. ನಾನು ಅವರೆಲ್ಲರನ್ನೂ ಗೌರವಿಸುತ್ತೇನೆ. ಕನ್ನಡಕ್ಕೆ ಅವರು ಕೊಟ್ಟದ್ದು ಬಹಳ. ಆದರೆ "ಅವರು ಎಷ್ಟೆಲ್ಲ ತ್ಯಾಗ ಮಾಡಿದರು, ನಿನ್ನದೇನು ಮಹಾ" ಎಂದು ನಿಮಗೆ ಯಾರಾದರೂ ಹೇಳಿದರೆ ಕೇಳಬೇಡಿ. ಆ ತ್ಯಾಗದಲ್ಲಿ ಒಂದು ಪಾಲು ಕೊಟ್ಟವರು ಏನೂ ಅರಿಯದ ಮಕ್ಕಳು. ಅವರನ್ನು ಯಾರೂ ಕೇಳಿರಲಿಲ್ಲ. ಅದು ತಪ್ಪಾಗಿತ್ತು ಎಂದೇ ನನ್ನ ಅಭಿಪ್ರಾಯ.

ನೀವು ನಿದ್ದೆಗೆಟ್ಟು ಅವ್ವನ ಬಗ್ಗೆ ಯೋಚಿಸುತ್ತಿದ್ದೀರಿ. ಅದು ನಂಬಿಕೆ ಕಡಿಮೆಯಾದದ್ದಲ್ಲ.

ಗುಲಾಬಿ ಬೇಲಿ

ನಾನು ಕಳಿಸಿದವಳು. ಬಂಟ್ವಾಳದ ಹತ್ತಿರ ನಮ್ಮ ಮನೆ. ನನ್ನ ಎರಡನೇ ಮಗ ಫಾದರ್, ನಾಗಾಲ್ಯಾಂಡಿನಲ್ಲಿದ್ದಾನೆ. ಕರ್ನಾಟಕದ ಜೆಸ್ವಿತ್ ಸಭೆಯ ಫಾದರ್‌ಗಳು 1970ರಿಂದಲೇ ಅಲ್ಲಿಗೆ ಹೋಗುತ್ತಿದ್ದಾರೆ, ಹಾಗಾಗಿ ನಮ್ಮ ಕಡೆ ಅಂಥ ಅಮ್ಮಂದಿರು ತುಂಬ ಜನ ಇದ್ದೇವೆ.

ಅವನಿಗೆ ಗುರುದೀಕ್ಷೆ ಆದ ದಿನ ಎಲ್ಲರೂ ಬಂದು ನನ್ನ ಕೈ ಹಿಡಿದು "ನೀವು ಭಾಗ್ಯವಂತರು" ಎಂದರು. ಹೌದು, ನಾನು ಭಾಗ್ಯವಂತಳೇ. ಆದರೆ ಆ ಮಾತು ಕೇಳಿದ ಮೇಲೆ ಅಳುವ ಹಾಗಿಲ್ಲವಲ್ಲ. ಶಾಮಿಯಾನ ಬಿಚ್ಚಿದರು, ಪಾತ್ರೆ ವಾಪಸ್ ಕೊಟ್ಟೆವು, ಅವನು ಹೊರಟ. ಅವನ ಚಪ್ಪಲಿ ಹಿತ್ತಿಲ ಬಾಗಿಲಲ್ಲೇ ಇತ್ತು. ಅದನ್ನು ಎತ್ತಿಡಲು ನನಗೆ ಮಳೆಗಾಲ ಬರಬೇಕಾಯಿತು.

ನಮ್ಮಲ್ಲಿ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಮರಿಯಮ್ಮನವರ ಹುಟ್ಟುಹಬ್ಬ. ಇಗರ್ಜಿಯಲ್ಲಿ ಮಂತ್ರಿಸಿದ ಭತ್ತದ ತೆನೆ ಮನೆಗೆ ತಂದು, ಕಾಳು ಸುಲಿದು ಪುಡಿ ಮಾಡಿ, ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತೇವೆ. ಆಮೇಲೆ ಊಟ. ಆ ದಿನ ಮನೆಯವರೆಲ್ಲ ಇರಬೇಕು. ಇಲ್ಲದವರಿಗೆ ಕಾಳು ಕಳಿಸಬೇಕು. ನಾನು ಪ್ರತಿ ವರ್ಷ ಏಳೆಂಟು ಕಾಳನ್ನು ಕಾಗದದಲ್ಲಿ ಮಡಚಿ ಲಕೋಟೆಯಲ್ಲಿ ಹಾಕಿ ಕಳಿಸುತ್ತೇನೆ. ಒಂದು ವರ್ಷ ಅದು ಅವನಿಗೆ ಸಿಕ್ಕಿದ್ದು ನವೆಂಬರಿನಲ್ಲಿ. "ಅಮ್ಮಾ, ಇವತ್ತು ನನಗೆ ಹಬ್ಬ" ಎಂದು ಫೋನ್ ಮಾಡಿದ. ಅವತ್ತು ನಾನು ಮತ್ತೊಮ್ಮೆ ಪಾಯಸ ಮಾಡಿದೆ.

ಮಗಳೇ, ಅಮ್ಮಂದಿರಿಗೆ ಬೇಕಾದದ್ದು ದೊಡ್ಡದೇನಲ್ಲ. ಫೋನಿನಲ್ಲಿ ನಮಗೆ ಪ್ರಸಂಗ ಮಾಡಬೇಡ. ಇವತ್ತು ಏನು ಅಡುಗೆ ಎಂದು ಕೇಳು. ನೀನು ಏನು ತಿಂದೆ ಎಂದು ಹೇಳು. ಜ್ವರ ಬಂದರೆ ಮುಚ್ಚಿಡಬೇಡ. ನನ್ನ ಮಗನಿಗೆ ಮಲೇರಿಯಾ ಬಂದದ್ದು ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಬೇರೆಯವರ ಬಾಯಿಂದ. ಅವತ್ತು ಆದಷ್ಟು ದುಃಖ ಅವನನ್ನು ಕಳಿಸಿದಾಗಲೂ ಆಗಿರಲಿಲ್ಲ. ಹೊರಗಿನವಳಾಗಿಬಿಟ್ಟೆ ಅನ್ನಿಸಿತು.

ಇನ್ನೊಂದು ಮಾತು. ಹೊರಡುವ ಮೊದಲು ರಜೆಗೆ ಮನೆಗೆ ಹೋಗುತ್ತೀಯಲ್ಲ, ಆಗ ನೆಂಟರ ಮನೆ, ಗೆಳತಿಯರ ಮನೆ ಎಂದು ಸುತ್ತಬೇಡ. ನಮ್ಮವನು ರಜೆಗೆ ಬಂದರೆ ಹದಿನೈದು ದಿನದಲ್ಲಿ ನನಗೆ ಸಿಗುವುದು ಎರಡೇ ದಿನ. ಮೂರು ದಿನವಾದರೂ ಅವ್ವನಿಗೆ ಎಂದೇ ಇಡು. ಸುಮ್ನೆ ಜತೆಗೆ ಕೂತಿರು.

ಮೂರನೇ ಮಗ

ಎಲ್ಲರೂ ಅವ್ವನ ಬಗ್ಗೆ ಹೇಳುತ್ತಿದ್ದೀರಿ. ನಾನು ತಮ್ಮನ ಪರವಾಗಿ ಕೇಳುತ್ತೇನೆ. ಸಿಸ್ಟರ್, ನಿಮ್ಮ ತಮ್ಮನ ಜತೆ ಕೂತು ಮಾತಾಡಿದ್ದೀರಾ? ನಿಮ್ಮ ಬರಹದಲ್ಲಿ ಅವನು ಒಂದೇ ಒಂದು ಸಲ ಬರುತ್ತಾನೆ.

ನನ್ನ ಅಣ್ಣ ಫಾದರ್. ಅವನು ಹೊರದೇಶದಲ್ಲಿದ್ದ. ಅಪ್ಪನಿಗೆ ಕಿಡ್ನಿ ಹೋಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾಲ್ಕು ವರ್ಷ ಕರೆದುಕೊಂಡು ಹೋಗಿ ಬಂದವರು ನಾನು ಮತ್ತು ನನ್ನ ಹೆಂಡತಿ. ಅವನು ಫೋನ್ ಮಾಡಿ "ಪ್ರಾರ್ಥನೆ ಮಾಡ್ತಾ ಇದ್ದೀನಿ ಕಣೋ" ಎನ್ನುತ್ತಿದ್ದ. ಊರಿನಲ್ಲಿ ಅವನಿಗೆ ಗೌರವ. ಅಪ್ಪನ ಮಲಮೂತ್ರ ಬಳಿಯುತ್ತಿದ್ದ ನನ್ನ ಹೆಂಡತಿಗೆ ಯಾರೂ ಭಾಗ್ಯವಂತೆ ಎನ್ನಲಿಲ್ಲ. ನಾನು ಇಗರ್ಜಿಗೆ ಹೋಗುವುದನ್ನೇ ಬಿಟ್ಟಿದ್ದೆ.

ಮಾರ್ಕನ ಸುವಾರ್ತೆ ಏಳನೇ ಅಧ್ಯಾಯದಲ್ಲಿ ಕೊರ್ಬಾನ್ ವಿಷಯ ಬರುತ್ತದೆ. ದೇವರಿಗೆ ಕೊಟ್ಟುಬಿಟ್ಟೆ ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದ್ದನ್ನು ತಪ್ಪಿಸುವವರನ್ನು ಯೇಸುವೇ ಗದರಿಸುತ್ತಾರೆ. ಒಂದು ದಿನ ಕೋಪದಲ್ಲಿ ಆ ಪುಟದ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಎರಡು ವಾರ ಉತ್ತರ ಬರಲಿಲ್ಲ. ಮೂರನೇ ವಾರ ಅವನೇ ಬಂದ. ಎರಡು ತಿಂಗಳು ರಜೆ ಕೇಳಿಕೊಂಡು ಬಂದಿದ್ದ. ನನ್ನನ್ನೂ ನನ್ನ ಹೆಂಡತಿಯನ್ನೂ ಹತ್ತು ದಿನ ಅವಳ ತವರಿಗೆ ಕಳಿಸಿ, ಅಪ್ಪನಿಗೆ ಸ್ನಾನ ಮಾಡಿಸಿದ, ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊರಡುವ ದಿನ ನನ್ನ ಹೆಂಡತಿಯ ಮುಂದೆ ಕೈ ಮುಗಿದು ನಿಂತ. ಅಪ್ಪ ಹೋಗಿ ಆರು ವರ್ಷ ಆಯಿತು. ಈಗ ನನಗೆ ಅವನ ಮೇಲೆ ಏನೂ ಇಲ್ಲ.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ನೀವು ಹೋಗುವುದು ಸಾಧ್ಯವಾಗುವುದೇ ಯಾರೋ ಒಬ್ಬರು ಉಳಿಯುವುದರಿಂದ. ಅದನ್ನು ಅವರ ಮುಂದೆ ಬಾಯಿಬಿಟ್ಟು ಹೇಳಿ.

ಗುಡ್ಡದ ಮನೆ

ಮೇಲಿನ ಮಾತು ಓದಿ ನನ್ನ ಹೆಂಡತಿ ಸುಮಾರು ಹೊತ್ತು ಮಾತಾಡಲಿಲ್ಲ. ನಾವು ಪ್ರೊಟೆಸ್ಟೆಂಟರು. ಗಂಡ ಹೆಂಡತಿ ಇಬ್ಬರೂ ಒಡಿಶಾದ ಗುಡ್ಡಗಾಡಿನಲ್ಲಿ ಸೇವೆ ಮಾಡುತ್ತಿದ್ದೇವೆ. ನಮ್ಮದು ಹಿಂದೆ ಉಳಿದವರ ಕಥೆ ಮಾತ್ರವಲ್ಲ, ಜತೆಗೆ ಬಂದವರ ಕಥೆಯೂ ಹೌದು.

ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದ ಮಿಷನರಿ ವಿಲಿಯಂ ಕೇರಿಯ ಹೆಂಡತಿ ಡೊರೊಥಿ ಮೊದಲು ಬರುವುದೇ ಇಲ್ಲ ಎಂದಿದ್ದರು. ಕೊನೆಗೆ 1793ರಲ್ಲಿ ಎಳೆ ಕೂಸನ್ನು ಎತ್ತಿಕೊಂಡು ಹಡಗು ಹತ್ತಿದರು. ಮರುವರ್ಷ ಐದು ವರ್ಷದ ಮಗ ಪೀಟರ್ ಬಂಗಾಳದಲ್ಲಿ ತೀರಿಹೋದ. ಅವರ ಮನಸ್ಸು ಕೆಟ್ಟುಹೋಯಿತು, 1807ರಲ್ಲಿ ಸೇರಾಂಪುರದಲ್ಲಿ ತೀರಿಹೋಗುವವರೆಗೂ ಸರಿಯಾಗಲಿಲ್ಲ. ನಮ್ಮ ತರಬೇತಿಯಲ್ಲಿ ಕೇರಿಯ ಬಗ್ಗೆ ಎಷ್ಟೋ ಪಾಠ ಇದ್ದವು. ಡೊರೊಥಿಯ ಬಗ್ಗೆ ನಾವೇ ಓದಿ ತಿಳಿದುಕೊಳ್ಳಬೇಕಾಯಿತು.

ನಮ್ಮ ಮಗಳನ್ನು ಏಳನೇ ವಯಸ್ಸಿಗೆ ಹಾಸ್ಟೆಲಿಗೆ ಹಾಕಿದ್ದೆವು. ರಜೆ ಮುಗಿಸಿ ಹೊರಡುವಾಗ ಅಳುತ್ತಿರಲಿಲ್ಲ. ಒಳ್ಳೆ ಹುಡುಗಿ, ಅರ್ಥ ಮಾಡಿಕೊಂಡಿದ್ದಾಳೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಒಂದು ಸಲ ಅವಳ ಪೆಟ್ಟಿಗೆ ಜೋಡಿಸುವಾಗ ಬಟ್ಟೆಯ ಅಡಿಯಲ್ಲಿ ಅವಳಮ್ಮನ ಹಳೇ ರವಿಕೆ ಸಿಕ್ಕಿತು. ಒಗೆಯದೇ ಇದ್ದದ್ದು. "ವಾಸನೆ ಹೋಗಿಬಿಡುತ್ತೆ, ಒಗೀಬೇಡಿ" ಎಂದಳು. ಅದೇ ವರ್ಷ ನಾವು ಹಳ್ಳಿ ಬಿಟ್ಟು ಶಾಲೆ ಇರುವ ಪಟ್ಟಣಕ್ಕೆ ಬಂದೆವು. ಈಗ ನಾನು ಬೈಕಿನಲ್ಲಿ ಹಳ್ಳಿಗಳಿಗೆ ಹೋಗಿ ಬರುತ್ತೇನೆ. ಕೆಲಸ ಸ್ವಲ್ಪ ನಿಧಾನ ಆಗಿದೆ, ಆಗಲಿ. ಸೇವೆ ಎಂದರೆ ಎಲ್ಲ ನೋವನ್ನೂ ಸಹಿಸಲೇಬೇಕು ಎಂದಲ್ಲ, ಕೆಲವನ್ನು ತಪ್ಪಿಸಲೂಬಹುದು.

ಹೊಸಹೆಜ್ಜೆ

ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿದವನಲ್ಲ. ದೊಡ್ಡವನಾದ ಮೇಲೆ ನಾನೇ ಆರಿಸಿಕೊಂಡು ಬಂದವನು, ಈಗ ಸಭಾಪಾಲಕ. ಹಳೇಪತ್ರ ಸರ್, ನೀವು ಆನಂದರಾವ್ ಕೌಂಡಿನ್ಯರ ಹೆಸರು ಹೇಳಲಿಲ್ಲ. ಮಂಗಳೂರಿನ ಬ್ರಾಹ್ಮಣ ಹುಡುಗ, 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು, ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಜತೆ ಬಾಸೆಲಿಗೆ ಹೋಗಿ ಓದಿ ಬಂದು ಮಿಷನರಿಯಾದರು. ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿದ್ದ ಹೆಂಡತಿ ಅವರ ಜತೆಗೆ ಬರಲಿಲ್ಲ. ಅವರು ಬಿಟ್ಟದ್ದು ಊರನ್ನಲ್ಲ. ಅದೇ ಊರಿನಲ್ಲಿದ್ದುಕೊಂಡು ಮನೆಯನ್ನು ಕಳೆದುಕೊಂಡರು.

ನನ್ನದೂ ಸ್ವಲ್ಪ ಹಾಗೆಯೇ. ಅಮ್ಮ 11 ವರ್ಷ ಮಾತಾಡಲಿಲ್ಲ. ಅವರ ನೋವು ಸುಳ್ಳಲ್ಲ, ಅದಕ್ಕೆ ಕಾರಣ ನಾನು ಎಂದು ಒಪ್ಪಿಕೊಳ್ಳುತ್ತೇನೆ. ಅವರನ್ನು ಒಪ್ಪಿಸಲು ಹೋಗುವುದನ್ನು ನಿಲ್ಲಿಸಿದೆ. ಪ್ರತಿ ತಿಂಗಳು ಬಾಗಿಲಿಗೆ ಹೋಗಿ ಔಷಧಿ ಇಟ್ಟು ಬರುತ್ತಿದ್ದೆ. ಒಂದು ದಿನ ಒಳಗಿನಿಂದ "ಊಟ ಆಯ್ತಾ?" ಎಂದು ಕೇಳಿದರು. ಸಿಸ್ಟರ್, ನಿಮ್ಮ ಅವ್ವ ಮೊದಲ ದಿನವೇ ಊಟದ ಮಾತು ಕೇಳಿದ್ದಾರೆ. ಅದನ್ನು ಚಿಕ್ಕದೆಂದು ತಿಳಿಯಬೇಡಿ.

ಸೆಮಿನರಿ ಹುಡುಗ

ಎಲ್ಲರ ಮಾತೂ ಓದುತ್ತಿದ್ದೇನೆ. ನಮಗೆ ಸಣ್ಣವರಿದ್ದಾಗ ಒಂದು ಕಥೆ ಹೇಳುತ್ತಿದ್ದರು. ಸಂತ ಫ್ರಾನ್ಸಿಸ್ ಝೇವಿಯರ್ 1540ರಲ್ಲಿ ಇಂಡಿಯಾಕ್ಕೆ ಹೊರಟಾಗ ದಾರಿಯಲ್ಲೇ ಇದ್ದ ತಾಯಿಯ ಮನೆಗೂ ಹೋಗದೆ ಮುಂದೆ ನಡೆದರಂತೆ. ನಾನು ಅದನ್ನು ಕೇಳಿ ಎಷ್ಟೋ ಸಲ ಕುಗ್ಗಿದ್ದೇನೆ, ನನಗೆ ಅಷ್ಟು ಗಟ್ಟಿ ಮನಸ್ಸಿಲ್ಲ ಎಂದು. ಆಮೇಲೆ ಓದಿದರೆ ಅವರ ತಾಯಿ 1529ರಲ್ಲೇ ತೀರಿಕೊಂಡಿದ್ದರು!

ಅವರು ನಿಜವಾಗಿ ಮಾಡಿದ್ದು ಬೇರೆ. 1546ರಲ್ಲಿ ಈಗಿನ ಇಂಡೊನೇಷ್ಯಾದ ಅಂಬೋನ್ ದ್ವೀಪದಿಂದ ಬರೆದ ಕಾಗದದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಯುರೋಪಿನ ಗೆಳೆಯರು ಕೈಯಾರೆ ಬರೆದ ಕಾಗದಗಳಿಂದ ಅವರ ಹೆಸರುಗಳನ್ನು ಕತ್ತರಿಸಿ, ಯಾವಾಗಲೂ ತಮ್ಮ ಮೈಮೇಲೆ ಇಟ್ಟುಕೊಳ್ಳುತ್ತಿದ್ದರು. ಇದನ್ನು ನಮಗೆ ಯಾಕೆ ಹೇಳಿಕೊಡುವುದಿಲ್ಲವೋ.

ಮದರ್ ತೆರೇಸಾ 18ನೇ ವಯಸ್ಸಿಗೆ, 1928ರಲ್ಲಿ ಮನೆ ಬಿಟ್ಟರು. ಅವರ ತಾಯಿ 1972ರಲ್ಲಿ ಅಲ್ಬೇನಿಯಾದ ಟಿರಾನಾದಲ್ಲಿ ತೀರಿಕೊಂಡರು. ನಡುವಿನ 44 ವರ್ಷದಲ್ಲಿ ಒಮ್ಮೆಯೂ ನೋಡಲಾಗಲಿಲ್ಲ. ಅಲ್ಲಿನ ಸರಕಾರ ಬಿಡಲಿಲ್ಲ. 1989ರಲ್ಲಿ ಕೊನೆಗೂ ಅಲ್ಲಿಗೆ ಹೋದಾಗ ತಾಯಿಯ ಸಮಾಧಿಗೆ ಹೋಗಿದ್ದರು. ಇಷ್ಟು ವರ್ಷ ಆದ ಮೇಲೂ.

ಮರಳಿದವಳು

ನಾನೂ ಸಿಸ್ಟರ್. ದೂರದ ಸೇವೆಯಲ್ಲಿ ನಾಲ್ಕು ವರ್ಷ ಇದ್ದು ವಾಪಸ್ ಬಂದವಳು. ಅಮ್ಮನಿಗೆ ಮರೆವಿನ ಕಾಯಿಲೆ ಬಂತು, ನೋಡಿಕೊಳ್ಳಲು ಯಾರೂ ಇರಲಿಲ್ಲ. ನಮ್ಮ ಕಥೋಲಿಕ ಸಭೆಯ ಕಾನೂನಾದ ಕ್ಯಾನನ್ ಕಾನೂನಿನ 665ನೇ ನಿಯಮದ ಪ್ರಕಾರ, ಸರಿಯಾದ ಕಾರಣ ಇದ್ದರೆ ಮಠದ ಹೊರಗೆ ಒಂದು ವರ್ಷದವರೆಗೆ ಇರಲು ಮೇಲಧಿಕಾರಿ ತಮ್ಮ ಸಲಹಾ ಮಂಡಳಿಯ ಒಪ್ಪಿಗೆಯಿಂದ ಅನುಮತಿ ಕೊಡಬಹುದು. ಇದು ನನಗೆ ಗೊತ್ತೇ ಇರಲಿಲ್ಲ, ಕೇಳಲು ಹೆದರಿ ಐದು ತಿಂಗಳು ಕಳೆದೆ. ನೀವು ತಿಳಿದುಕೊಂಡಿರಿ. ಬಾಗಿಲು ಇದೆ ಎಂದು ಗೊತ್ತಿದ್ದರೆ ಕೋಣೆಯಲ್ಲಿ ನೆಮ್ಮದಿಯಾಗಿ ಇರಬಹುದು.

ಅಮ್ಮ ನನ್ನನ್ನು ಕೊನೆಕೊನೆಗೆ ನರ್ಸ್ ಎಂದುಕೊಂಡಿದ್ದಳು. "ನನ್ನ ಮಗಳೂ ನಿಮ್ಮ ಹಾಗೇ ಸಿಸ್ಟರ್, ದೂರ ಇದ್ದಾಳೆ" ಎಂದು ನನಗೇ ಹೇಳುತ್ತಿದ್ದಳು. ನಾನು "ಹೌದಾ, ಅವಳ ಬಗ್ಗೆ ಹೇಳಿ" ಎನ್ನುತ್ತಿದ್ದೆ. ಹೇಳುತ್ತಿದ್ದಳು. ಅವಳು ನನ್ನ ಬಗ್ಗೆ ಇಷ್ಟೆಲ್ಲ ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು ಹಾಗೆ.

ರಾಗಿಹೊಲ

ಮೂರು ದಿನ ಆಯಿತು, ಉತ್ತರ ಬರೆಯಲು ಆಗಿರಲಿಲ್ಲ. ಮೂರನೇ ಮಗ ಅವರ ಮಾತು ಓದಿ ಅವತ್ತೇ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಮರುದಿನ ಬಸ್ಸು ಹತ್ತಿ ಊರಿಗೆ ಹೋದೆ. ಅವನು ಗೂಡು ಹಾಕಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟಿದ್ದ. ನಾನೂ ಗಾಡಿ ಹತ್ತಿದೆ. ದಾರಿಯಲ್ಲಿ ಹೇಳಿದೆ, "ನೀನು ಇರೋದ್ರಿಂದ ನಾನು ಹೋಗ್ತಿದ್ದೀನಿ. ನಿನ್ನ ಒಂದು ಮಾತೂ ಕೇಳ್ಲಿಲ್ಲ ನಾನು." ಅವನು ರಸ್ತೆ ನೋಡಿಕೊಂಡೇ ಇದ್ದ. ಸುಮಾರು ಹೊತ್ತಾದ ಮೇಲೆ "ಅವ್ವನ ಕಣ್ಣಿನ ಆಪರೇಷನ್ ನೀನು ಇದ್ದಾಗ್ಲೇ ಮಾಡಿಸಾನ ಅಕ್ಕ. ಆಸ್ಪತ್ರೆಲಿ ಅವ್ರು ಕೇಳೋದು ನಂಗೆ ಒಂದೂ ಅರ್ಥ ಆಗಲ್ಲ" ಎಂದ. ಅವನಿಗೆ ಹೆದರಿಕೆ ಇತ್ತು ಎಂದು ನನಗೆ ಹೊಳೆದೇ ಇರಲಿಲ್ಲ. ಡಿಸೆಂಬರ್ ಎರಡನೇ ವಾರ ಆಪರೇಷನ್. ನಾನು ಜತೆಗಿರುತ್ತೇನೆ. ಪ್ರೊವಿನ್ಶಿಯಲ್ ಸಿಸ್ಟರ್ ಒಪ್ಪಿದ್ದಾರೆ. ಟಿಕೆಟ್ಟಿನ ವಿಷಯವನ್ನೂ ಕೇಳಿದೆ, ಬರೆದು ಕೊಡುತ್ತೇವೆ ಎಂದರು.

ಅವ್ವನ ಹತ್ತಿರ ಕೂತು ಅತ್ತೆ. ಅವಳೂ ಅತ್ತಳು. ಇಬ್ಬರೂ ಒಟ್ಟಿಗೆ ಅತ್ತದ್ದು ಅಪ್ಪ ಹೋದ ಮೇಲೆ ಇದೇ ಮೊದಲು. ಆಮೇಲೆ ಎದ್ದು ಹೋಗಿ ಹುರಿಹಿಟ್ಟಿಗೆ ರಾಗಿ ನೆನೆಹಾಕಿದಳು. "ಇನ್ನೂ ಎರಡು ತಿಂಗಳಿದೆ ಅವ್ವ" ಎಂದರೂ ಕೇಳಲಿಲ್ಲ. "ಅಲ್ಲಿ ಊಟ ಏನು ಅಂತ ನೀನು ಹೇಳ್ಲೇ ಇಲ್ಲ" ಎಂದಳು.

ಎರಡು ಗಡಿಯಾರ ಅಕ್ಕ, ಅದನ್ನು ನೀವೇ ಹೇಳಬೇಕು.

ಎರಡು ಗಡಿಯಾರ

ಅವ್ವನಿಗೆ ಹೀಗೆ ಹೇಳು. ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಲ್ಲಿ ತಿರುವಿ ಮುದ್ದೆಯ ಹಾಗೆ ಮಾಡುತ್ತಾರೆ, ಉಗಾಲಿ ಎನ್ನುತ್ತಾರೆ. ಕೈಯಲ್ಲಿ ಮುರಿದು ಸೊಪ್ಪಿನ ಪಲ್ಯದ ಜತೆ ತಿನ್ನುವುದು. ಚಪಾತಿಯೂ ಉಂಟು, ಹೆಸರೂ ಚಪಾತಿಯೇ. ರಾಗಿಯೂ ಇದೆ. ಉಲೇಜಿ ಎಂದು ಕರೆಯುತ್ತಾರೆ. ಬೆಳಗ್ಗೆ ಅದರ ಗಂಜಿ ಮಾಡಿ ಮಕ್ಕಳಿಗೂ ಬಾಣಂತಿಯರಿಗೂ ಕೊಡುತ್ತಾರೆ. ನಮ್ಮ ದೇಶಕ್ಕೆ ರಾಗಿ ಬಂದದ್ದೇ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದ ಕಡೆಯಿಂದ.

ಹುರಿಹಿಟ್ಟನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿನಲ್ಲಿ ಹಾಕು, ಕೈಚೀಲದಲ್ಲಿ ಬೇಡ.

ರಾಗಿಹೊಲ

ಓದಿ ಹೇಳಿದೆ. "ಹಂಗಾದ್ರೆ ಅಲ್ಲಿ ಹೊಲ ಇರ್ತವೆ" ಎಂದಳು. ಆಮೇಲೆ ಉಲೇಜಿ ಎನ್ನುವುದನ್ನು ಇನ್ನೊಂದು ಸಲ ಹೇಳು ಎಂದಳು.